ಇಡಿ ಕಾಳು, ಒಡೆದ ಬೇಳೆ: ಸುಂಕಪಟ್ಟಿಯ ಒಂದು ಪದ ಮತ್ತು ನಮ್ಮ ತೊಗರಿ ಪೇಟೆ

ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ವರ್ತಕ ಬಾಂಧವರಿಗೆ ತೊಗರಿಯ ಮಹತ್ವವನ್ನು ವಿವರಿಸಿ ಹೇಳುವ ಅಗತ್ಯವಿಲ್ಲ. ಮುಂಗಾರಿನ ಮಳೆಗೆ ಎರೆ ಭೂಮಿಯಲ್ಲಿ ಬಿತ್ತಿದ ತೊಗರಿ ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ರಾಶಿಯಾಗಿ ಪೇಟೆಗೆ ಬಂದಾಗಲೇ ಈ ಭಾಗದ ಬಟ್ಟೆ ಅಂಗಡಿಗೂ ಬಂಗಾರದ ಅಂಗಡಿಗೂ ಟ್ರ್ಯಾಕ್ಟರ್ ಮಾರುವವರಿಗೂ ವ್ಯಾಪಾರ ಕುದುರುತ್ತದೆ. ‘ಗುಲಬರ್ಗಾ ತೊಗರಿ ಬೇಳೆ’ಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತದ್ದು ನಮ್ಮೆಲ್ಲರಿಗೂ ಹೆಮ್ಮೆಯ ವಿಷಯ. ಆದರೆ ಆ ಕಾಳಿನ ಧಾರಣೆ ನಮ್ಮ ಎಪಿಎಂಸಿಯ ಸವಾಲಿನಲ್ಲಿ ಮಾತ್ರ ನಿರ್ಧಾರವಾಗುತ್ತದೆ ಎಂದು ಯಾರಾದರೂ ನಂಬಿದ್ದರೆ ಅದು ಅರ್ಧ ಸತ್ಯ ಮಾತ್ರ. ಉಳಿದ ಅರ್ಧ ದೆಹಲಿಯಿಂದ ಹೊರಡುವ ಅಧಿಸೂಚನೆಗಳಲ್ಲಿಯೂ ಮುಂಬಯಿಯ ಬಂದರಿನಲ್ಲಿ ಸಲ್ಲಿಕೆಯಾಗುವ ಆಮದು ಪತ್ರಗಳಲ್ಲಿಯೂ ಅಡಗಿದೆ. ಆ ಪತ್ರಗಳಲ್ಲಿ ಸರಕಿನ ಹೆಸರಿನ ಮುಂದೆ ಬರೆಯುವ ಎಂಟು ಅಂಕಿಗಳ ಸಂಖ್ಯೆಯೇ ಸೀಮಾಸುಂಕದ ವರ್ಗೀಕರಣ. ಅದು ಮುಂಬಯಿಯ ದೊಡ್ಡ ಆಮದುದಾರರ ವಿಷಯ, ನಮಗೆ ಸಂಬಂಧಿಸಿದ್ದಲ್ಲ ಎಂಬ ಭಾವನೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಆ ಭಾವನೆ ಏಕೆ ನಷ್ಟಕಾರಕ ಎಂಬುದನ್ನು ಲೆಕ್ಕದ ಆಧಾರದಿಂದ ವಿವರಿಸುವುದು ಈ ಲೇಖನದ ಉದ್ದೇಶ.

ಎಂಟು ಅಂಕಿಗಳ ಅರ್ಥ

ಜಗತ್ತಿನಲ್ಲಿ ಮಾರಾಟವಾಗುವ ಪ್ರತಿಯೊಂದು ಸರಕಿಗೂ ಒಂದು ಸಂಖ್ಯೆ ಇರಬೇಕು, ಆ ಸಂಖ್ಯೆ ಎಲ್ಲ ದೇಶಗಳಲ್ಲಿಯೂ ಒಂದೇ ಆಗಿರಬೇಕು ಎಂಬ ಆಶಯದಿಂದ ‘ಹಾರ್ಮೊನೈಸ್ಡ್ ಸಿಸ್ಟಮ್’ ಎಂಬ ವ್ಯವಸ್ಥೆ ರೂಪುಗೊಂಡಿತು. 1983ರಲ್ಲಿ ಅಂಗೀಕಾರವಾದ ಈ ಒಪ್ಪಂದವು 1988ರ ಜನವರಿ 1ರಿಂದ ಜಾರಿಗೆ ಬಂದಿತು. ಬ್ರಸೆಲ್ಸ್ ನಗರದಲ್ಲಿರುವ ವಿಶ್ವ ಸೀಮಾಸುಂಕ ಸಂಸ್ಥೆ ಇದನ್ನು ನಿರ್ವಹಿಸುತ್ತದೆ. ಭಾರತವು ತನ್ನ 1975ರ ಸೀಮಾಸುಂಕ ಪಟ್ಟಿ ಕಾಯ್ದೆಯ ಅನುಸೂಚಿಯನ್ನು 1986ರಲ್ಲಿಯೇ ಈ ಕ್ರಮಕ್ಕೆ ಹೊಂದಿಸಿಕೊಂಡಿತು. 2003ರಲ್ಲಿ ಎಂಟು ಅಂಕಿಗಳ ಪದ್ಧತಿಯನ್ನು ಅಳವಡಿಸಿಕೊಂಡಿತು.

ಸಂಖ್ಯೆಯ ಮೊದಲ ಎರಡು ಅಂಕಿಗಳು ಅಧ್ಯಾಯವನ್ನೂ, ಮೊದಲ ನಾಲ್ಕು ಶೀರ್ಷಿಕೆಯನ್ನೂ, ಮೊದಲ ಆರು ಉಪಶೀರ್ಷಿಕೆಯನ್ನೂ ಸೂಚಿಸುತ್ತವೆ. ಇಷ್ಟು ಭಾಗ ಎಲ್ಲ ಸದಸ್ಯ ರಾಷ್ಟ್ರಗಳಿಗೂ ಸಮಾನ. ಕೊನೆಯ ಎರಡು ಅಂಕಿಗಳನ್ನು ಆಯಾ ದೇಶ ತನ್ನ ಅನುಕೂಲಕ್ಕೆ ತಕ್ಕಂತೆ ಸೇರಿಸಿಕೊಳ್ಳುತ್ತದೆ. ಸುಂಕದ ದರ, ಆಮದಿಗೆ ಪರವಾನಗಿ ಬೇಕೋ ಬೇಡವೋ ಎಂಬ ನೀತಿ, ಇತರ ದೇಶಗಳೊಡನೆ ಮಾಡಿಕೊಂಡ ಒಪ್ಪಂದದ ರಿಯಾಯಿತಿ ಇವೆಲ್ಲವೂ ಈ ಸಂಖ್ಯೆಯನ್ನೇ ಆಧರಿಸಿರುತ್ತವೆ. ಸಂಖ್ಯೆ ತಪ್ಪಿದರೆ ಎಲ್ಲವೂ ತಪ್ಪುತ್ತದೆ.

ಉಣ್ಣೆಯ ಜಾಕೆಟ್ಟಿನ ಪಾಠ

ವರ್ಗೀಕರಣ ನಡೆಯುವ ಬಗೆಯನ್ನು ಅರಿಯಲು ಉಡುಪಿನ ಉದಾಹರಣೆ ಅನುಕೂಲಕರ. ಹೊರದೇಶದಿಂದ ತರಿಸಿದ, ಹೆಣೆದ ಉಣ್ಣೆಯ, ಮಹಿಳೆಯರ ಜಾಕೆಟ್ ಒಂದನ್ನು ತೆಗೆದುಕೊಳ್ಳೋಣ. ಅಂಗಡಿಯಲ್ಲಿ ಗಿರಾಕಿಗೆ ಅದು ‘ಸ್ವೆಟರ್’ ಅಥವಾ ‘ಕೋಟು’. ಸುಂಕದ ಅಧಿಕಾರಿ ಮಾತ್ರ ಒಂದರ ನಂತರ ಒಂದು ಪ್ರಶ್ನೆ ಕೇಳುತ್ತಾನೆ. ಹೆಣೆದದ್ದೋ, ನೇಯ್ದದ್ದೋ? ಹೆಣೆದದ್ದಾದರೆ 61ನೆಯ ಅಧ್ಯಾಯ, ನೇಯ್ದದ್ದಾದರೆ 62. ಗಾಳಿ ಚಳಿಗಳ ರಕ್ಷಣೆಗಾಗಿ ಇತರ ಉಡುಪಿನ ಮೇಲೆ ಧರಿಸುವ ದೊಡ್ಡ ಕೋಟೋ? ಹಾಗಿದ್ದರೆ 6102 10. ಸಾಮಾನ್ಯ ಜಾಕೆಟ್ ಅಥವಾ ಬ್ಲೇಜರೋ? ಹಾಗಿದ್ದರೆ 6104 31. ಕಾರ್ಡಿಗನ್ ಅಥವಾ ಪುಲ್ಓವರೋ? ಹಾಗಿದ್ದರೆ 6110 11. ಹೆಂಗಸರದೋ, ಗಂಡಸರದೋ? ಮುಂಭಾಗದಲ್ಲಿ ಬಲಗಡೆಯ ಅಂಚು ಎಡಗಡೆಯ ಅಂಚಿನ ಮೇಲೆ ಬರುವಂತಿದ್ದರೆ ಮಹಿಳೆಯರದೆಂದು ಅಧ್ಯಾಯದ ಟಿಪ್ಪಣಿಯೇ ಹೇಳುತ್ತದೆ. ಯಾರದೆಂದು ಗುರುತಿಸಲಾಗದಿದ್ದರೂ ಅದು ಮಹಿಳೆಯರ ಶೀರ್ಷಿಕೆಗೇ ಸೇರುತ್ತದೆ. ಉಣ್ಣೆ 40 ಭಾಗ, ಅಕ್ರಿಲಿಕ್ 60 ಭಾಗವಿದ್ದರೆ? ತೂಕದಲ್ಲಿ ಯಾವುದು ಹೆಚ್ಚೋ ಆ ನಾರಿನದೆಂದೇ ಪರಿಗಣನೆ. ಚೀಟಿಯ ಮೇಲೆ ‘ವುಲನ್’ ಎಂದು ಅಚ್ಚಾಗಿದ್ದರೂ ಅದು ಸಂಶ್ಲೇಷಿತ ನಾರಿನ ಜಾಕೆಟ್ಟೇ.

ಈ ಉದಾಹರಣೆಯಿಂದ ನಾವು ಗ್ರಹಿಸಬೇಕಾದದ್ದು ಮೂರು ಅಂಶ. ಮೊದಲನೆಯದಾಗಿ, ಪೇಟೆಯಲ್ಲಿ ಪ್ರಚಲಿತವಿರುವ ಹೆಸರಿಗಿಂತ ಶೀರ್ಷಿಕೆಯ ಪದಗಳಿಗೂ ಅಧ್ಯಾಯದ ಟಿಪ್ಪಣಿಗಳಿಗೂ ಪ್ರಾಧಾನ್ಯ; ಅರ್ಥವಿವರಣೆಯ ಸಾಮಾನ್ಯ ನಿಯಮಗಳ ಪೈಕಿ ಮೊದಲನೆಯ ನಿಯಮವೇ ಇದು. ಎರಡನೆಯದಾಗಿ, ಸರಕಿನ ಭೌತಿಕ ಸ್ಥಿತಿ, ಅಂದರೆ ಹೆಣಿಗೆ, ತೂಕ, ಅಂಚು, ನಿರ್ಣಾಯಕವಾಗುತ್ತದೆ. ಮೂರನೆಯದಾಗಿ, ಸಣ್ಣದೆಂದು ತೋರುವ ಒಂದು ವ್ಯತ್ಯಾಸ ಸುಂಕದ ಮೊತ್ತವನ್ನೇ ಬದಲಿಸಬಲ್ಲದು. ಈ ಮೂರು ಅಂಶಗಳನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ತೊಗರಿಯತ್ತ ಬರೋಣ.

ಸುಂಕಪಟ್ಟಿಯಲ್ಲಿ ತೊಗರಿಯ ಸ್ಥಾನ

ಒಣಗಿದ ದ್ವಿದಳ ಧಾನ್ಯಗಳೆಲ್ಲವೂ 7ನೆಯ ಅಧ್ಯಾಯದ 0713 ಶೀರ್ಷಿಕೆಗೆ ಸೇರುತ್ತವೆ. ಬಟಾಣಿ 0713 10, ಕಡಲೆ 0713 20, ಉದ್ದು ಮತ್ತು ಹೆಸರು 0713 31, ಮಸೂರ 0713 40, ತೊಗರಿ 0713 60. ತೊಗರಿಗೆ ಈ ಪ್ರತ್ಯೇಕ ಸ್ಥಾನ ದೊರೆತದ್ದು 2012ರ ಜನವರಿ 1ರಂದು ಜಾರಿಗೆ ಬಂದ ಅಂತರರಾಷ್ಟ್ರೀಯ ಪರಿಷ್ಕರಣೆಯಲ್ಲಿ. ಅದಕ್ಕೆ ಮೊದಲು ಜಗತ್ತಿನ ಆರು ಅಂಕಿಗಳ ಪಟ್ಟಿಯಲ್ಲಿ ತೊಗರಿಗೆ ತನ್ನದೇ ಆದ ಸಾಲು ಇರಲಿಲ್ಲ.

ಶೀರ್ಷಿಕೆಯ ಪದಗಳನ್ನು ಗಮನಿಸಬೇಕು. ಸಿಪ್ಪೆ ತೆಗೆದಿರಲಿ, ತೆಗೆಯದಿರಲಿ. ಒಡೆದಿರಲಿ, ಒಡೆಯದಿರಲಿ, ಕಾಳು 0713ಕ್ಕೇ ಸೇರುತ್ತದೆ ಎಂಬುದು ಅದರ ತಾತ್ಪರ್ಯ. ಹೀಗಾಗಿ ರೈತ ರಾಶಿ ಮಾಡಿ ತಂದ ಕಾಳೂ ದಾಲ್ ಮಿಲ್ಲಿನಿಂದ ಹೊಳೆಯುತ್ತ ಹೊರಬಂದ ಬೇಳೆಯೂ ಸುಂಕಪಟ್ಟಿಯ ದೃಷ್ಟಿಯಲ್ಲಿ ಒಂದೇ ಮನೆಯವು. ಬಿತ್ತನೆ ಬೀಜವೆಂದು ತರಿಸಿದರೂ ತೊಗರಿ ಇದೇ ಶೀರ್ಷಿಕೆಯಲ್ಲಿ ಉಳಿಯುತ್ತದೆ. ಬಿತ್ತನೆ ಬೀಜಗಳ 1209 ಶೀರ್ಷಿಕೆಗೆ ದ್ವಿದಳ ಧಾನ್ಯಗಳು ಸೇರುವುದಿಲ್ಲವೆಂದು 12ನೆಯ ಅಧ್ಯಾಯದ ಟಿಪ್ಪಣಿ ಸ್ಪಷ್ಟವಾಗಿ ಹೇಳಿದೆ. ಬೀಸಿ ಹಿಟ್ಟು ಮಾಡಿದರೆ ಮಾತ್ರ ಅದು 1106 10ಕ್ಕೆ ಹೋಗುತ್ತದೆ. ಮಿಲ್ಲಿನಲ್ಲಿ ಉಳಿಯುವ ಹೊಟ್ಟು ಮತ್ತು ಚುನಿ 2302 50ಕ್ಕೆ ಸೇರುತ್ತವೆ.

ಆದ್ದರಿಂದ ತೊಗರಿಯ ಮಟ್ಟಿಗೆ ಶೀರ್ಷಿಕೆಯ ವಿವಾದ ವಿರಳ. ನಿಜವಾದ ಪ್ರಶ್ನೆ ಇರುವುದು ವಿನಾಯಿತಿ ಅಧಿಸೂಚನೆಯ ಭಾಷೆಯಲ್ಲಿ.

‘ಇಡಿ’ ಎಂಬ ಪದದ ಬೆಲೆ

ಹಿನ್ನೆಲೆಯನ್ನು ಸಂಕ್ಷೇಪವಾಗಿ ನೋಡೋಣ. 2006ರಲ್ಲಿ ಕೇಂದ್ರ ಸರ್ಕಾರವು ಬೇಳೆಕಾಳುಗಳ ಆಮದನ್ನು ಸುಂಕಮುಕ್ತಗೊಳಿಸಿತು. ಅದೇ ವರ್ಷ ರಫ್ತನ್ನು ನಿಷೇಧಿಸಿತು. ತೊಗರಿಯ ರಫ್ತು ನಿಷೇಧ ತೆರವಾದದ್ದು 2017ರ ಸೆಪ್ಟೆಂಬರಿನಲ್ಲಿ. 2016-17ರಲ್ಲಿ ದಾಖಲೆಯ ಬೆಳೆ ಬಂದು ಧಾರಣೆ ಕುಸಿದಾಗ, 2017ರ ಮಾರ್ಚ್ 28ರಂದು ತೊಗರಿಯ ಮೇಲೆ ಶೇ. 10ರ ಆಮದು ಸುಂಕ ವಿಧಿಸಲಾಯಿತು. ಅದೇ ವರ್ಷದ ಆಗಸ್ಟ್ 5ರಂದು ಆಮದನ್ನು ‘ನಿರ್ಬಂಧಿತ’ ವರ್ಗಕ್ಕೆ ಸೇರಿಸಿ ವರ್ಷಕ್ಕೆ 2 ಲಕ್ಷ ಟನ್ನುಗಳ ಮಿತಿ ಹಾಕಲಾಯಿತು. 2021ರ ಮೇ 15ರಂದು ತೊಗರಿ, ಉದ್ದು, ಹೆಸರುಗಳನ್ನು ಮತ್ತೆ ‘ಮುಕ್ತ’ ವರ್ಗಕ್ಕೆ ತರಲಾಯಿತು. 2023ರ ಮಾರ್ಚ್ 4ರಿಂದ ಇಡಿ ತೊಗರಿ ಕಾಳಿನ ಮೇಲಿನ ಶೇ. 10ರ ಸುಂಕವನ್ನು ಸಂಪೂರ್ಣ ತೆಗೆದುಹಾಕಲಾಯಿತು. ಇಡಿ ಕಾಳಲ್ಲದ ತೊಗರಿಗೆ, ಅಂದರೆ ಒಡೆದ ಬೇಳೆಗೆ, ಶೇ. 10ರ ಸುಂಕ ಹಾಗೆಯೇ ಮುಂದುವರಿಯಿತು. ಸುಂಕಪಟ್ಟಿ ಒಂದೇ ಮನೆಯಲ್ಲಿ ಇರಿಸಿದ್ದ ಕಾಳು ಮತ್ತು ಬೇಳೆಗಳ ನಡುವೆ ವಿನಾಯಿತಿಯ ಒಂದು ಪದ ಗೋಡೆ ಎಬ್ಬಿಸಿತು.

ಈ ಗೋಡೆಯ ಬೆಲೆಯನ್ನು ಲೆಕ್ಕ ಹಾಕೋಣ. ಕೆಳಗಿನ ಅಂಕಿಗಳು ಲೆಕ್ಕದ ಅನುಕೂಲಕ್ಕಾಗಿ ಊಹಿಸಿಕೊಂಡವು. ವಾಚಕರು ಆಯಾ ದಿನದ ಧಾರಣೆಯನ್ನು ಹಾಕಿ ನೋಡಿಕೊಳ್ಳಬಹುದು. ಬಂದರಿಗೆ ತಲುಪಿದ ಇಡಿ ತೊಗರಿಯ ಬೆಲೆ ಕ್ವಿಂಟಲಿಗೆ 7,000 ರೂಪಾಯಿ ಎಂದಿರಲಿ. ಒಂದು ಕ್ವಿಂಟಲ್ ಕಾಳಿನಿಂದ 72 ಕಿಲೋ ಬೇಳೆ ಬರುತ್ತದೆ, ಬೇಳೆಯ ಬೆಲೆ ಕಿಲೋಗೆ 100 ರೂಪಾಯಿ ಎಂದಿಟ್ಟುಕೊಂಡರೆ ಬೇಳೆಯ ಮೌಲ್ಯ 7,200. ಹೊಟ್ಟು, ಚುನಿ, ನುಚ್ಚು ಸೇರಿ 600. ಒಟ್ಟು 7,800. ಕಾಳಿನ ಬೆಲೆ ಕಳೆದರೆ ಮಿಲ್ಲಿಗೆ ಉಳಿಯುವುದು 800 ರೂಪಾಯಿ. ವಿದ್ಯುತ್ತು, ಹಮಾಲಿ, ಬ್ಯಾಂಕಿನ ಬಡ್ಡಿ, ಸವಕಳಿ, ಲಾಭ ಎಲ್ಲವೂ ಈ 800ರಲ್ಲಿಯೇ ಬರಬೇಕು.

ಕಾಳಿಗೂ ಬೇಳೆಗೂ ಸಮಾನವಾಗಿ ಶೇ. 10 ಸುಂಕವಿದ್ದಾಗ, ಹೊರಗಿನಿಂದ ಬರುವ 72 ಕಿಲೋ ಬೇಳೆಗೆ 720 ರೂಪಾಯಿ ಸುಂಕ; ನಮ್ಮ ಮಿಲ್ಲು ಕೊಳ್ಳುವ ಒಂದು ಕ್ವಿಂಟಲ್ ಆಮದು ಕಾಳಿಗೆ 700 ರೂಪಾಯಿ ಸುಂಕ. ಮಿಲ್ಲಿಗೆ ದೊರೆತ ನಿವ್ವಳ ರಕ್ಷಣೆ ಕೇವಲ 20 ರೂಪಾಯಿ. ರೈತನಿಗೆ ದೊರೆತ ರಕ್ಷಣೆ 700. ಕಾಳಿನ ಸುಂಕ ಶೂನ್ಯವಾಗಿ ಬೇಳೆಯ ಸುಂಕ ಉಳಿದಾಗ ಮಿಲ್ಲಿನ ರಕ್ಷಣೆ 720ಕ್ಕೆ ಏರಿತು, ರೈತನದು ಶೂನ್ಯಕ್ಕೆ ಇಳಿಯಿತು. ಅಂದರೆ ‘ಇಡಿ’ ಎಂಬ ಒಂದು ಪದ ಕ್ವಿಂಟಲಿಗೆ 700 ರೂಪಾಯಿಗಳ ರಕ್ಷಣೆಯನ್ನು ಹೊಲದಿಂದ ಎತ್ತಿ ಮಿಲ್ಲಿನಲ್ಲಿ ಇರಿಸಿತು. ಬೇಳೆಗೂ ಸುಂಕವಿಲ್ಲದೆ ಹೋಗಿದ್ದರೆ ಮಿಲ್ಲಿನ 720 ಕೂಡ ಉಳಿಯುತ್ತಿರಲಿಲ್ಲ. ವಿದೇಶದಲ್ಲಿಯೇ ಒಡೆಸಿ, ಹೊಟ್ಟಿನ ಹಡಗು ಬಾಡಿಗೆಯನ್ನೂ ಉಳಿಸಿ, ಬೇಳೆಯನ್ನೇ ತರಿಸುವುದು ಲಾಭದಾಯಕವಾಗುತ್ತಿತ್ತು.

ಈ ಲೆಕ್ಕಕ್ಕೆ ಒಂದು ತಿದ್ದುಪಡಿ ಅವಶ್ಯ. ಅತಿ ಹಿಂದುಳಿದ ರಾಷ್ಟ್ರಗಳಿಗೆ ಭಾರತವು 2008ರಲ್ಲಿ ಸುಂಕ ರಿಯಾಯಿತಿಯ ಯೋಜನೆಯನ್ನು ಘೋಷಿಸಿತು. ತೊಗರಿ ಕಳುಹಿಸುವ ಮೊಜಾಂಬಿಕ್, ಮಲಾವಿ, ಟಾಂಜಾನಿಯಾ, ಮ್ಯಾನ್ಮಾರ್ ಇವೆಲ್ಲವೂ ವಿಶ್ವಸಂಸ್ಥೆಯ ಆ ಪಟ್ಟಿಯಲ್ಲಿರುವ ದೇಶಗಳು. ಮೂಲದೇಶದ ಪ್ರಮಾಣಪತ್ರದ ಮೇಲೆ ರಿಯಾಯಿತಿ ಪಡೆದ ಸರಕಿಗೆ ಮೇಲಿನ ಶೇ. 10 ಪೂರ್ಣವಾಗಿ ತಗಲುವುದಿಲ್ಲ. ಇದಲ್ಲದೆ ಮೊಜಾಂಬಿಕ್ ದೇಶದೊಡನೆ 2016ರಿಂದಲೂ, ಮಲಾವಿ ಮತ್ತು ಮ್ಯಾನ್ಮಾರ್ ದೇಶಗಳೊಡನೆ 2021ರಿಂದಲೂ ತೊಗರಿ ಆಮದಿನ ಸರ್ಕಾರಿ ಒಪ್ಪಂದಗಳು ನಡೆದುಬಂದಿವೆ. ಆದ್ದರಿಂದ ಸುಂಕದ ಗೋಡೆ ಕಾಗದದ ಮೇಲೆ ಕಾಣುವಷ್ಟು ಎತ್ತರವಾಗಿ ಪೇಟೆಯಲ್ಲಿ ನಿಲ್ಲುವುದಿಲ್ಲ. ಆದರೂ ಅದು ಯಾರ ಕಡೆಗೆ ವಾಲಿದೆ ಎಂಬುದು ಮೇಲಿನ ಲೆಕ್ಕದಿಂದ ಸ್ಪಷ್ಟ.

ಸಂದೇಹ ಬಂದರೆ ಯಾರಿಗೆ ಲಾಭ

ನಮ್ಮ ಮಿಲ್ ಮಾಲೀಕರಲ್ಲಿ ಕೆಲವರು ಮುಂಬಯಿ ವರ್ತಕರಿಂದ ಆಮದು ತೊಗರಿಯನ್ನು ಕೊಳ್ಳುತ್ತಾರೆ. ಮ್ಯಾನ್ಮಾರಿನ ‘ಲೆಮನ್’, ಟಾಂಜಾನಿಯಾದ ‘ಅರುಷಾ’, ಮೊಜಾಂಬಿಕ್ಕಿನ ‘ಗಜರಿ’ ಎಂಬ ಹೆಸರುಗಳು ನಮ್ಮ ಪೇಟೆಗೆ ಅಪರಿಚಿತವಲ್ಲ. ಸುಂಕ ತೀರಿದ ಸರಕನ್ನು ಗೋದಾಮಿನಿಂದ ಕೊಂಡರೆ ವರ್ಗೀಕರಣದ ಹೊಣೆ ಆಮದುದಾರನದು. ಆದರೆ ಹಡಗು ಸಮುದ್ರದಲ್ಲಿರುವಾಗಲೇ ಒಡೆತನ ವರ್ಗಾಯಿಸುವ ‘ಹೈ ಸೀ ಸೇಲ್’ ಪದ್ಧತಿಯಲ್ಲಿ ಕೊಂಡರೆ, ಬಿಲ್ ಆಫ್ ಎಂಟ್ರಿ ಸಲ್ಲಿಸುವವರು ಕೊಂಡವರೇ. ಕಾನೂನಿನ ದೃಷ್ಟಿಯಲ್ಲಿ ಆಗ ಜೇವರ್ಗಿಯ ಮಿಲ್ ಮಾಲೀಕರೇ ಆಮದುದಾರರು.

2011ರಿಂದ 1962ರ ಸೀಮಾಸುಂಕ ಕಾಯ್ದೆಯ 17ನೆಯ ಪ್ರಕರಣದನ್ವಯ ಸುಂಕವನ್ನು ಆಮದುದಾರರೇ ಸ್ವತಃ ನಿರ್ಧರಿಸಿ ಘೋಷಿಸಬೇಕು. ಕಡಿಮೆ ಸುಂಕ ಕಟ್ಟಲಾಗಿದೆ ಎಂದು ಇಲಾಖೆಗೆ ಕಂಡುಬಂದರೆ 28ನೆಯ ಪ್ರಕರಣದಡಿ ಸಾಮಾನ್ಯವಾಗಿ 2 ವರ್ಷದೊಳಗೆ, ಉದ್ದೇಶಪೂರ್ವಕ ತಪ್ಪು ಹೇಳಿಕೆ ಅಥವಾ ಮರೆಮಾಚುವಿಕೆ ಇದ್ದರೆ 5 ವರ್ಷದೊಳಗೆ, ನೋಟಿಸ್ ನೀಡಬಹುದು. ಬಡ್ಡಿ, ದಂಡ ಬೇರೆ.

ಇಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂದು ತೀರ್ಪನ್ನು ಎಲ್ಲರೂ ನೆನಪಿನಲ್ಲಿಡಬೇಕು. ಮುಂಬಯಿಯ ಸೀಮಾಸುಂಕ ಆಯುಕ್ತರು ಮತ್ತು ದಿಲೀಪ್ ಕುಮಾರ್ ಅಂಡ್ ಕಂಪನಿ ನಡುವಣ ಪ್ರಕರಣದಲ್ಲಿ 2018ರ ಜುಲೈ 30ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು ನೀಡಿದ ತೀರ್ಪಿನ ಪ್ರಕಾರ, ವಿನಾಯಿತಿ ಅಧಿಸೂಚನೆಯನ್ನು ಕಟ್ಟುನಿಟ್ಟಾಗಿಯೇ ಅರ್ಥೈಸಬೇಕು. ತನಗೆ ವಿನಾಯಿತಿ ಅನ್ವಯಿಸುತ್ತದೆ ಎಂದು ಸಾಬೀತುಪಡಿಸುವ ಹೊಣೆ ತೆರಿಗೆದಾರನದು. ಸಂದೇಹ ಉಳಿದರೆ ಅದರ ಲಾಭ ಸರ್ಕಾರಕ್ಕೆ. ಸುಂಕ ವಿಧಿಸುವ ಕಲಮಿನಲ್ಲಿ ಸಂದೇಹವಿದ್ದರೆ ಲಾಭ ತೆರಿಗೆದಾರನಿಗೆ ಎಂಬ ಹಳೆಯ ತತ್ತ್ವ ವಿನಾಯಿತಿಗೆ ಅನ್ವಯಿಸುವುದಿಲ್ಲ. ‘ಇಡಿ ತೊಗರಿ’ ಎಂಬುದು ವಿನಾಯಿತಿಯ ಪದ. ಚೀಲದಲ್ಲಿ ಒಡೆದ ಕಾಳು ಎಷ್ಟು ಪಾಲು ಇದ್ದರೆ ಸರಕು ‘ಇಡಿ’ ಎನಿಸಿಕೊಳ್ಳುವುದಿಲ್ಲ ಎಂಬ ಪ್ರಶ್ನೆ ಹುಟ್ಟಿದರೆ, ಉತ್ತರಿಸುವ ಹೊಣೆ ಕೊಂಡವರ ಹೆಗಲಿಗೇ ಬರುತ್ತದೆ.

ದಿನಾಂಕವೂ ಅಷ್ಟೇ ಮುಖ್ಯ. 15ನೆಯ ಪ್ರಕರಣದ ಪ್ರಕಾರ, ನೇರ ಬಳಕೆಗೆ ಬಿಡಿಸಿಕೊಳ್ಳುವ ಸರಕಿಗೆ ಬಿಲ್ ಆಫ್ ಎಂಟ್ರಿ ಸಲ್ಲಿಸಿದ ದಿನ ಅಥವಾ ಹಡಗಿಗೆ ಒಳಪ್ರವೇಶ ನೀಡಿದ ದಿನ, ಇವೆರಡರಲ್ಲಿ ಯಾವುದು ನಂತರದ್ದೋ ಅಂದಿನ ದರ ಅನ್ವಯಿಸುತ್ತದೆ. ಒಪ್ಪಂದ ಮಾಡಿಕೊಂಡ ದಿನದ ದರವನ್ನು ನಂಬಿ ಬೆಲೆ ಕಟ್ಟುವುದು ಅಪಾಯಕರ. ಹಳದಿ ಬಟಾಣಿಯ ಉದಾಹರಣೆ ನಮ್ಮ ಕಣ್ಣ ಮುಂದಿದೆ. 2017ರ ನವೆಂಬರಿನಲ್ಲಿ ಅದರ ಸುಂಕ ಶೇ. 50 ಆಯಿತು, 2023ರ ಡಿಸೆಂಬರಿನಲ್ಲಿ ಶೂನ್ಯವಾಯಿತು, ಹಲವು ಬಾರಿ ಅವಧಿ ವಿಸ್ತರಣೆಯಾದ ನಂತರ 2025ರ ನವೆಂಬರ್ 1ರಿಂದ ಶೇ. 30 ಆಯಿತು.

ಇಂತಹ ಪರಿಸ್ಥಿತಿಯಲ್ಲಿ ಆಮದು ಸರಕನ್ನು ಮುಟ್ಟುವ ಸದಸ್ಯರು ಕೆಲವು ಎಚ್ಚರಿಕೆಗಳನ್ನು ಪಾಲಿಸುವುದು ಒಳಿತು. ಖರೀದಿ ಒಪ್ಪಂದದಲ್ಲಿ ಸರಕಿನ ವಿವರಣೆ, ಒಡೆದ ಕಾಳಿನ ಗರಿಷ್ಠ ಪ್ರಮಾಣ ಮತ್ತು ಸುಂಕ ವ್ಯತ್ಯಾಸವಾದರೆ ಹೊಣೆ ಯಾರದೆಂಬ ಷರತ್ತು ಇರಲಿ. ಪ್ರತಿ ಲಾಟಿನ ಮೊಹರು ಮಾಡಿದ ಮಾದರಿಯನ್ನೂ ದಾಖಲೆಗಳನ್ನೂ ಐದು ವರ್ಷ ಕಾಪಾಡಿರಿ. ಮೂಲದೇಶದ ರಿಯಾಯಿತಿ ಪಡೆಯುವುದಾದರೆ, 2020ರ ಸೆಪ್ಟೆಂಬರ್ 21ರಿಂದ ಜಾರಿಗೆ ಬಂದ ನಿಯಮಗಳ ಪ್ರಕಾರ ಪ್ರಮಾಣಪತ್ರವೊಂದೇ ಸಾಲದು, ಅದನ್ನು ಸಮರ್ಥಿಸುವ ಮಾಹಿತಿಯೂ ಆಮದುದಾರರ ಬಳಿ ಇರಬೇಕು ಎಂಬುದನ್ನು ಮರೆಯಬೇಡಿರಿ. ಸಂದೇಹವಿರುವ ಸರಕಿಗೆ ಮುಂಗಡ ನಿರ್ಣಯ ಪ್ರಾಧಿಕಾರದ ಮುಂದೆ ಅರ್ಜಿ ಹಾಕುವ ಮಾರ್ಗವಿದೆ. 2021ರಿಂದ ದೆಹಲಿ ಮತ್ತು ಮುಂಬಯಿಗಳಲ್ಲಿ ಈ ಪ್ರಾಧಿಕಾರ ಕೆಲಸ ಮಾಡುತ್ತಿದೆ. ಸರಕು ಬರುವ ಮೊದಲೇ ಪಡೆದ ನಿರ್ಣಯ ನಂತರದ ನೋಟಿಸಿಗಿಂತ ಎಷ್ಟೋ ಅಗ್ಗ.

ಬಂದರು ಕಾಣದವರಿಗೂ ಇದೇ ಪಾಠ

ನಾವು ಆಮದೇ ಮಾಡುವುದಿಲ್ಲ, ಈ ಸಂಖ್ಯೆಗಳ ಗೊಡವೆ ನಮಗೇಕೆ ಎಂದು ಕೇಳುವವರಿಗೆ ಒಂದು ಮಾತು. ಸರಕು ಮತ್ತು ಸೇವಾ ತೆರಿಗೆಯ ಬಿಲ್ಲಿನಲ್ಲಿ ನೀವು ಬರೆಯುವ ಎಚ್.ಎಸ್.ಎನ್. ಸಂಖ್ಯೆಯೂ ಇದೇ ಪಟ್ಟಿಯಿಂದ ಬಂದದ್ದು. ಮಿಲ್ಲಿನಲ್ಲಿ ಉಳಿಯುವ ಹೊಟ್ಟು, ಖಂಡಾ, ಚುನಿಗಳು ತೆರಿಗೆಮುಕ್ತ ಪಶು ಆಹಾರವೋ, ಶೇ. 5ರ ತೆರಿಗೆಗೆ ಒಳಪಡುವ ಗಿರಣಿ ಉಪಉತ್ಪನ್ನವೋ ಎಂಬ ವಿವಾದ ದೇಶದ ದಾಲ್ ಮಿಲ್ಲುಗಳನ್ನು ವರ್ಷಗಟ್ಟಲೆ ಕಾಡಿತು. 2022ರ ಡಿಸೆಂಬರ್ 17ರಂದು ನಡೆದ ಜಿ.ಎಸ್.ಟಿ. ಮಂಡಳಿಯ 48ನೆಯ ಸಭೆ ತೆರಿಗೆಯನ್ನು ಶೂನ್ಯಗೊಳಿಸಲು ಶಿಫಾರಸು ಮಾಡಿದ ಮೇಲೆ, 2023ರ ಜನವರಿ 1ರಿಂದ ಆ ಕಷ್ಟ ನೀಗಿತು.

ಇನ್ನೊಂದು ಉದಾಹರಣೆ ಗೋದಾಮಿನದು. ಕೃಷಿ ಉತ್ಪನ್ನದ ದಾಸ್ತಾನಿಗೆ ನೀಡುವ ಸೇವೆಗೆ ತೆರಿಗೆ ವಿನಾಯಿತಿ ಇದೆ. ಆದರೆ ಸಿಪ್ಪೆ ತೆಗೆದ ಅಥವಾ ಒಡೆದ ಬೇಳೆ ‘ಕೃಷಿ ಉತ್ಪನ್ನ’ದ ವ್ಯಾಖ್ಯೆಗೆ ಒಳಪಡುವುದಿಲ್ಲವೆಂದು 2017ರ ನವೆಂಬರ್ 15ರ ಸುತ್ತೋಲೆ ಸ್ಪಷ್ಟಪಡಿಸಿತು. ಹೀಗೆ, ಸುಂಕಪಟ್ಟಿಯ ಶೀರ್ಷಿಕೆಯಲ್ಲಿ ಕಾಳು ಬೇಳೆಗಳು ಒಂದೇ. ಸುಂಕ ವಿನಾಯಿತಿಯಲ್ಲಿ ಬೇರೆ ಬೇರೆ. ಗೋದಾಮಿನ ಬಾಡಿಗೆಯ ತೆರಿಗೆಯಲ್ಲಿಯೂ ಬೇರೆ ಬೇರೆ. ಒಂದೇ ಕಾಳಿಗೆ ಒಂದೊಂದು ಕಾನೂನು ಒಂದೊಂದು ಹೆಸರಿಡುವಾಗ, ಹೆಸರು ತಿಳಿಯದ ವರ್ತಕನೇ ದಂಡ ತೆರಬೇಕಾಗುತ್ತದೆ.

ನಮ್ಮ ನಿಲುವು ಏನಾಗಿರಬೇಕು

ಕಾಳಿಗೆ ಶೂನ್ಯ, ಬೇಳೆಗೆ ಶೇ. 10 ಎಂಬ ವ್ಯವಸ್ಥೆ ಮಿಲ್ಲುಗಳಿಗೆ ಅನುಕೂಲಕರವೇ. ಬೇಳೆಯ ಸುಂಕವನ್ನು ಉಳಿಸಿಕೊಳ್ಳಬೇಕೆಂದು ಒತ್ತಾಯಿಸುವುದರಲ್ಲಿ ತಪ್ಪಿಲ್ಲ. ದೇಶದ ತೊಗರಿ ಉತ್ಪಾದನೆ ಇತ್ತೀಚಿನ ವರ್ಷಗಳಲ್ಲಿ 35 ಲಕ್ಷ ಟನ್ನುಗಳ ಆಸುಪಾಸಿನಲ್ಲಿದ್ದು ಬೇಡಿಕೆಗೆ ಸಾಲುತ್ತಿಲ್ಲವಾದ್ದರಿಂದ, ಆಮದನ್ನೇ ನಿಲ್ಲಿಸಿರಿ ಎಂಬ ಬೇಡಿಕೆಯೂ ವಾಸ್ತವಿಕವಲ್ಲ. ಹೊಸ ಬೆಳೆ ಬರುವ ಮುಂಚಿನ ತಿಂಗಳುಗಳಲ್ಲಿ ಮಿಲ್ಲು ನಡೆಯಲು ಆಮದು ಕಾಳು ಬೇಕು. ಬಡ ಗ್ರಾಹಕನಿಗೆ ಕೈಗೆಟಕುವ ಬೆಲೆಗೆ ಬೇಳೆ ಬೇಕು. ಇವೆಲ್ಲವನ್ನೂ ಒಪ್ಪಿಕೊಂಡ ನಂತರವೂ, ರೈತನ ರಕ್ಷಣೆಯನ್ನು ಶೂನ್ಯಕ್ಕೆ ಇಳಿಸಿ ಗಳಿಸಿದ ಅನುಕೂಲ ಮಿಲ್ಲಿಗೂ ಬಹುಕಾಲ ಉಳಿಯದು ಎಂಬುದು ನನ್ನ ಖಚಿತ ಅಭಿಪ್ರಾಯ.

2023-24ರಲ್ಲಿ ಕ್ವಿಂಟಲಿಗೆ 10,000 ರೂಪಾಯಿ ದಾಟಿದ್ದ ತೊಗರಿ, 2025ರ ಆರಂಭದಲ್ಲಿ 7,550 ರೂಪಾಯಿಗಳ ಬೆಂಬಲ ಬೆಲೆಗಿಂತ ಕೆಳಗಿಳಿಯಿತು. ಬೆಂಬಲ ಬೆಲೆಯ ಮೇಲೆ ರಾಜ್ಯ ಸರ್ಕಾರ 450 ರೂಪಾಯಿಗಳ ಪ್ರೋತ್ಸಾಹಧನ ಸೇರಿಸಿ ಖರೀದಿಸಬೇಕಾಯಿತು. ಹೊಸ ಬೆಳೆ ಪೇಟೆಗೆ ಬರುತ್ತಿದ್ದ ಆ ಜನವರಿ ತಿಂಗಳಿನಲ್ಲಿಯೇ, ಸುಂಕರಹಿತ ಆಮದಿನ ಅವಧಿಯನ್ನು 2026ರ ಮಾರ್ಚ್ 31ರವರೆಗೆ ವಿಸ್ತರಿಸುವ ಪ್ರಕಟಣೆ ಹೊರಬಿತ್ತು. ಜೂನಿನಲ್ಲಿ ಒಂದು ಧಾರಣೆಯನ್ನು ನೋಡಿ ಬಿತ್ತಿದ ರೈತ, ಜನವರಿಯಲ್ಲಿ ಇನ್ನೊಂದು ನೀತಿಯನ್ನು ಎದುರಿಸಿದ. ಹೀಗೆ ಎರಡು ಮೂರು ಸಲ ಆದರೆ ಭೀಮಾ ದಂಡೆಯ ಅಫಜಲಪುರದವರು ಕಬ್ಬಿಗೂ, ಜೇವರ್ಗಿಯವರು ಹತ್ತಿಗೂ ಇನ್ನಷ್ಟು ಹೊರಳುತ್ತಾರೆ. ಕಾಳು ಬಾರದ ಊರಿನಲ್ಲಿ ಮಿಲ್ಲನ್ನು ನಡೆಸಲು ಬಂದರಿನ ಕಾಳನ್ನೇ ನೆಚ್ಚಬೇಕಾದೀತು. ಆಗ ಬಂದರಿನ ಪಕ್ಕದ ಮಿಲ್ಲಿನ ಎದುರು, ನೂರಾರು ಮೈಲಿ ಒಳನಾಡಿನ ನಮ್ಮ ಮಿಲ್ಲು ಲಾರಿ ಬಾಡಿಗೆಯಲ್ಲಿಯೇ ಸೋಲುತ್ತದೆ.

ಆದ್ದರಿಂದ ನಮ್ಮ ವಾಣಿಜ್ಯ ಸಂಸ್ಥೆ ಕೇಂದ್ರ ಸರ್ಕಾರಕ್ಕೆ ಮೂರು ಬೇಡಿಕೆಗಳನ್ನು ಮಂಡಿಸುವುದು ಯೋಗ್ಯವೆಂದು ನನ್ನ ಸಲಹೆ.

ಒಂದು, 2021ರ ಅಧಿಸೂಚನೆಯಲ್ಲಿ 0713 60 00 ಎಂಬ ಒಂದೇ ಸಾಲಿನಲ್ಲಿ ನಮೂದಾದ ತೊಗರಿಗೆ, ಇಡಿ ಕಾಳು ಮತ್ತು ಒಡೆದ ಬೇಳೆ ಎಂದು ಪ್ರತ್ಯೇಕ ಎಂಟು ಅಂಕಿಗಳ ಸಾಲುಗಳಿರಬೇಕು. ಎಷ್ಟರವರೆಗೆ ಒಡೆದ ಕಾಳು ಬೆರೆತಿದ್ದರೂ ‘ಇಡಿ’ ಎನಿಸಿಕೊಳ್ಳುತ್ತದೆ ಎಂಬ ವ್ಯಾಖ್ಯೆಯನ್ನೂ ಸೇರಿಸಬೇಕು. ಆಗ ವಿನಾಯಿತಿಯ ಪದಗಳ ಮೇಲೆ ಜಗಳ ತಪ್ಪುತ್ತದೆ. ಎಷ್ಟು ಕಾಳು, ಎಷ್ಟು ಬೇಳೆ ಬಂದಿತೆಂಬ ಅಂಕಿ ಅಂಶವೂ ಸ್ಪಷ್ಟವಾಗಿ ದೊರೆಯುತ್ತದೆ.

ಎರಡು, ಮುಂದಿನ ಬೆಳೆವರ್ಷದ ಸುಂಕದ ದರವನ್ನು ಬಿತ್ತನೆಗೆ ಮೊದಲು, ಮೇ ತಿಂಗಳಿನೊಳಗೆ, ಬೆಂಬಲ ಬೆಲೆಯ ಘೋಷಣೆಯೊಡನೆಯೇ ಪ್ರಕಟಿಸಬೇಕು. ಮಾರ್ಚ್ 31 ಎಂಬುದು ಲೆಕ್ಕಪತ್ರದ ವರ್ಷಾಂತ್ಯ. ತೊಗರಿಯ ವರ್ಷ ಹಾಗೆ ಮುಗಿಯುವುದಿಲ್ಲ.

ಮೂರು, ಬಂದರಿಗೆ ತಲುಪಿದ ಇಡಿ ಕಾಳಿನ ಬೆಲೆ ಬೆಂಬಲ ಬೆಲೆಗಿಂತ ಕೆಳಗಿಳಿದಾಗ ಮಾತ್ರ ಸುಂಕ ಜಾರಿಗೆ ಬರುವಂತೆ, ಮೇಲೇರಿದಾಗ ತಾನಾಗಿಯೇ ಇಳಿಯುವಂತೆ ಸೂತ್ರವೊಂದನ್ನು ರೂಪಿಸಬೇಕು. ಇದರಿಂದ ಗ್ರಾಹಕನಿಗೆ ಹೊರೆಯಾಗದು, ರೈತನಿಗೆ ನೆಲೆಯೊಂದು ಸಿಗುತ್ತದೆ, ಮಿಲ್ಲಿಗೆ ಮುಂದಿನ ತಿಂಗಳ ಲೆಕ್ಕ ಹಾಕುವ ಧೈರ್ಯ ಬರುತ್ತದೆ. ಇದರ ಜೊತೆಗೆ ಬೇಳೆಯ ಸುಂಕ ಯಾವಾಗಲೂ ಕಾಳಿನ ಸುಂಕಕ್ಕಿಂತ ಒಂದು ಮೆಟ್ಟಿಲು ಮೇಲಿರಲಿ. ಮಿಲ್ಲುಗಳ ನ್ಯಾಯವಾದ ಪಾಲು ಅಷ್ಟರಲ್ಲಿ ಉಳಿಯುತ್ತದೆ.

ಸಂಸ್ಥೆಯ ಮಟ್ಟದಲ್ಲಿ ಮಾಡಬಹುದಾದ ಕೆಲಸವೂ ಇದೆ. ಹೊರಡುವ ಪ್ರತಿ ಅಧಿಸೂಚನೆಯ ಸಾರಾಂಶವನ್ನು ಕನ್ನಡದಲ್ಲಿ ಎಪಿಎಂಸಿ ಪ್ರಾಂಗಣದ ಫಲಕದ ಮೇಲೆ ಹಚ್ಚಬಹುದು. ‘ಇಡಿ ತೊಗರಿ’ಯ ವ್ಯಾಖ್ಯೆಯಂತಹ, ಎಲ್ಲರಿಗೂ ಸಂಬಂಧಿಸಿದ ಪ್ರಶ್ನೆಯ ಮೇಲೆ ಸದಸ್ಯರೊಬ್ಬರು ಮುಂಗಡ ನಿರ್ಣಯಕ್ಕೆ ಅರ್ಜಿ ಹಾಕಿದರೆ ಅದರ ವೆಚ್ಚವನ್ನು ಸಂಸ್ಥೆ ಭರಿಸಬಹುದು. ಅಂತಹ ನಿರ್ಣಯ ಅರ್ಜಿದಾರರಿಗೆ ಮಾತ್ರ ಬದ್ಧವಾದರೂ, ಇಲಾಖೆಯ ಮನಸ್ಸು ಹೇಗಿದೆ ಎಂಬುದು ಉಳಿದವರಿಗೂ ತಿಳಿಯುತ್ತದೆ.

ನಮ್ಮ ಹಿರಿಯ ಅಡತಿ ವ್ಯಾಪಾರಿಗಳು ಅಂಗೈಯಲ್ಲಿ ಒಂದು ಹಿಡಿ ಕಾಳು ತೆಗೆದುಕೊಂಡು ತೇವಾಂಶ, ತೂಕ, ತಳಿ ಎಲ್ಲವನ್ನೂ ಹೇಳಬಲ್ಲವರು. ಆ ಜ್ಞಾನಕ್ಕೆ ಎಂಟು ಅಂಕಿಗಳ ಜ್ಞಾನವನ್ನೂ ಕೂಡಿಸಿಕೊಳ್ಳುವ ಕಾಲ ಬಂದಿದೆ. ಸುಂಕಪಟ್ಟಿಯನ್ನು ಓದಬಲ್ಲ ವರ್ತಕನು ನೋಟಿಸಿಗೆ ಹೆದರಬೇಕಾಗಿಲ್ಲ, ಸರ್ಕಾರದ ಮುಂದೆ ಬೇಡಿಕೆ ಇಡುವಾಗ ಬರಿಯ ಗೋಳು ತೋಡಿಕೊಳ್ಳಬೇಕಾಗಿಯೂ ಇಲ್ಲ; ಕಲಮನ್ನೂ ಪದವನ್ನೂ ತೋರಿಸಿ ಮಾತನಾಡಬಲ್ಲನು. ಮುಂದಿನ ಮುಂಗಾರಿಗೆ ಮೊದಲು ಈ ಮೂರು ಬೇಡಿಕೆಗಳ ಮನವಿಯನ್ನು ಸಿದ್ಧಪಡಿಸುವ ವಿಷಯವನ್ನು ಕಾರ್ಯಕಾರಿ ಸಮಿತಿ ತನ್ನ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸಿಕೊಳ್ಳಬೇಕೆಂದು ವಿನಂತಿಸುತ್ತೇನೆ.